ಓದಿ ಓದಿ ಊಟ ಬಿಟ್ಟ ಮೇಡಂ: ಒಂದು ಪ್ರಕರಣ ಅಧ್ಯಯನ

ಇದು ಚಿತ್ರದುರ್ಗದ ಒಬ್ಬ ಹೈಸ್ಕೂಲ್ ಶಿಕ್ಷಕಿಯ ವಿಷಯ. ನಲವತ್ತರ ಹತ್ತಿರದ ವಯಸ್ಸು. ಸಮಾಜ ವಿಜ್ಞಾನ ಪಾಠ ಮಾಡುತ್ತಾರೆ. ಒಂದನೇ ಕ್ಲಾಸಿನ ಮಗಳಿದ್ದಾಳೆ, ಗಂಡನಿಗೆ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇದೆ, ಅತ್ತೆ ಜೊತೆಗಿದ್ದಾರೆ. ಬರೆಯಲು ಅವರ ಒಪ್ಪಿಗೆ ಇದೆ, ಹೆಸರು ಮಾತ್ರ ಬೇಡ ಎಂದರು. ಹಾಗಾಗಿ ಇಲ್ಲಿ ಅವರು ಬರೀ ಮೇಡಂ.

ನಾನು ಡಾಕ್ಟರೂ ಅಲ್ಲ, ಕೌನ್ಸೆಲರೂ ಅಲ್ಲ. ನಮ್ಮದೊಂದು ಸಣ್ಣ ಓದುವ ಬಳಗ ಇದೆ. ತಿಂಗಳಿಗೊಂದು ಭಾನುವಾರ ಜೆಸಿಆರ್ ಬಡಾವಣೆಯ ಒಂದು ಮನೆಯ ಮಹಡಿಯಲ್ಲಿ ಸೇರುತ್ತೇವೆ. ಮಂಡಕ್ಕಿ, ಮಿರ್ಚಿ, ಪುಸ್ತಕದ ಮಾತು. ಮೇಡಂ ಅದರಲ್ಲಿ ಹಳಬರು. ಜಾಸ್ತಿ ಮಾತಾಡುವವರಲ್ಲ, ಆದರೆ ಓದದೆ ಬರುವವರೂ ಅಲ್ಲ. ಅವರಿಗೆ ಆದದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ, ಬಳಗದಲ್ಲಿ ಅದರ ಬಗ್ಗೆ ಜಗಳವೂ ಆಗಿದೆ. ಕಷ್ಟದ ಪುಸ್ತಕ ಓದಿದರೆ ಮನಸ್ಸು ಮೆತ್ತಗಾಗುತ್ತದೆ, ಮನುಷ್ಯ ಒಳ್ಳೆಯವನಾಗುತ್ತಾನೆ ಅಂತ ನಾವೆಲ್ಲ ಸಲೀಸಾಗಿ ಹೇಳುತ್ತೇವಲ್ಲ, ಇಲ್ಲಿ ಆದದ್ದು ಅದಕ್ಕೆ ಉಲ್ಟಾ. ಅದಕ್ಕೇ ಬರೆಯಬೇಕು ಅನಿಸಿತು.

ಶುರುವಾದದ್ದು ಪಾಠದಿಂದ. ಹತ್ತನೇ ಕ್ಲಾಸಿಗೆ ಮಹಾಯುದ್ಧಗಳ ಪಾಠ ಇದೆ. ಹಿಟ್ಲರ್, ನಾಜಿಗಳು, ಯಹೂದಿಗಳ ಹತ್ಯೆ, ಎಲ್ಲ ಒಂದಷ್ಟು ಸಾಲುಗಳಲ್ಲಿ ಮುಗಿಯುತ್ತದೆ. ಸುಮಾರು 60 ಲಕ್ಷ ಜನ ಎಂಬ ಸಂಖ್ಯೆಯನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಮರೆಯುತ್ತಾರೆ. ಮೇಡಂಗೆ ಅದು ಸರಿ ಕಾಣಲಿಲ್ಲ. ಒಂದು ಮುಖ ತೋರಿಸೋಣ ಅಂತ ನಾಜಿಗಳಿಗೆ ಹೆದರಿ ಅಡಗಿದ್ದ ಯಹೂದಿ ಹುಡುಗಿ ಆನ್ ಫ್ರಾಂಕ್ ಬರೆದ ಡೈರಿಯನ್ನು ಕನ್ನಡದಲ್ಲಿ ಓದಿದರು. ಅದು ಜೂನ್ ತಿಂಗಳು. ಅಲ್ಲಿಂದ ಹಿಡಿದ ದಾರಿ ಬಿಡಲಿಲ್ಲ. ಯಾತನಾ ಶಿಬಿರಗಳಿಂದ ಬದುಕಿ ಬಂದವರ ನೆನಪುಗಳು, ದೇಶ ವಿಭಜನೆಯ ಕತೆಗಳು, ಆಮೇಲೆ 1986ರ ಚೆರ್ನೋಬಿಲ್ ಅಣುಸ್ಥಾವರ ದುರಂತದಲ್ಲಿ ನೊಂದವರನ್ನು ಮಾತಾಡಿಸಿ ಸ್ವೆತ್ಲಾನಾ ಅಲೆಕ್ಸಿಯೆವಿಚ್ ಬರೆದ ಪುಸ್ತಕ. ಇವರಿಗೇ 2015ರಲ್ಲಿ ಸಾಹಿತ್ಯದ ನೊಬೆಲ್ ಬಂತು. ಆ ಪುಸ್ತಕದ ಮೊದಲ ಭಾಗದಲ್ಲೇ ಬೆಂಕಿ ಆರಿಸಲು ಹೋದವನೊಬ್ಬನ ಹೆಂಡತಿ ಮಾತಾಡುತ್ತಾಳೆ. ಗಂಡ ದಿನದಿನಕ್ಕೆ ಕಣ್ಣೆದುರೇ ಕರಗಿಹೋದದ್ದನ್ನು ಹೇಳುತ್ತಾಳೆ. ಮೇಡಂ ಅದನ್ನು ಒಂದೇ ರಾತ್ರಿಯಲ್ಲಿ ಎರಡು ಸಲ ಓದಿದರಂತೆ. ಮುಂದೆ ಹೋಗಲು ಆಗಲಿಲ್ಲ, ಬಿಡಲೂ ಆಗಲಿಲ್ಲ.

ಓದುತ್ತಿದ್ದದ್ದು ಯಾವಾಗ ಅನ್ನುವುದೂ ಮುಖ್ಯ. ಮಗಳು ಮಲಗಿ, ಪಾತ್ರೆ ತೊಳೆದು, ನಾಳೆಯ ತರಕಾರಿ ಹೆಚ್ಚಿಟ್ಟ ಮೇಲೆ, ರಾತ್ರಿ 11ರ ನಂತರ. ಬಹಳಷ್ಟು ಮೊಬೈಲಿನಲ್ಲಿ, ಲೈಟ್ ಆರಿಸಿ, ಮಗಳ ಪಕ್ಕದಲ್ಲೇ ಮಲಗಿ. ಒಂದು ಮುಗಿದ ಕೂಡಲೇ ಇನ್ನೊಂದು. ನಡುವೆ ಒಂದು ವಾರಪತ್ರಿಕೆ, ಒಂದು ಹಾಸ್ಯ ಲೇಖನ, ಏನೂ ಇಲ್ಲ. ಯಾರ ಜೊತೆಗೂ ಮಾತಿಲ್ಲ. ಆ ತಿಂಗಳುಗಳಲ್ಲಿ ಬಳಗಕ್ಕೂ ಬರಲಿಲ್ಲ, ಎಸ್ಸೆಸ್ಸೆಲ್ಸಿ ಸ್ಪೆಷಲ್ ಕ್ಲಾಸ್ ಅಂತ ಕಾರಣ ಕೊಟ್ಟಿದ್ದರು.

ಕೊನೆಗೆ ಬಂದದ್ದು ಬರ. 1876ರಿಂದ 78ರವರೆಗಿನ ಭೀಕರ ಬರ. ಧಾತು, ಈಶ್ವರ ಸಂವತ್ಸರಗಳಲ್ಲಿ ಬಿದ್ದದ್ದರಿಂದ ನಮ್ಮ ಕಡೆ ಹಿರಿಯರು ಅದನ್ನು ಧಾತು ಈಶ್ವರ ಬರ ಎಂದೇ ಕರೆಯುತ್ತಿದ್ದರು. 1871ರ ಜನಗಣತಿಗೆ ಹೋಲಿಸಿದರೆ 1881ರ ಹೊತ್ತಿಗೆ ಮೈಸೂರು ಸಂಸ್ಥಾನದ ಜನಸಂಖ್ಯೆ 8,74,000 ಕಡಿಮೆಯಾಗಿತ್ತು. ಇದು ಜರ್ಮನಿಯದಲ್ಲ, ಸೋವಿಯತ್ ಒಕ್ಕೂಟದ್ದಲ್ಲ. ನಮ್ಮ ದುರ್ಗ, ಚಳ್ಳಕೆರೆ, ಮೊಳಕಾಲ್ಮೂರು ಎಲ್ಲ ಆ ಲೆಕ್ಕದೊಳಗೇ ಇವೆ. ಆ ಬರದ ಫೋಟೋಗಳೂ ಇವೆ. ಮದ್ರಾಸ್ ಸೈನ್ಯದ ಅಧಿಕಾರಿ ಹೂಪರ್ ಎಂಬಾತ ಎಲುಬಿನ ಗೂಡಾದ ಜನರನ್ನು ಸಾಲಾಗಿ ಕೂರಿಸಿ ತೆಗೆದವು. ಮೇಡಂ ಅವನ್ನು ಮೊಬೈಲಿನಲ್ಲಿ ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದ್ದಾರೆ. ಒಂದೊಂದೇ ಮುಖ.

ಮನೆಯಲ್ಲಿ ಕಂಡದ್ದು

ಮೊದಲು ಗಮನಿಸಿದ್ದು ಅತ್ತೆ. ಸೊಸೆ ಸರಿಯಾಗಿ ಉಣ್ಣುತ್ತಿಲ್ಲ. ಅರ್ಧ ಮುದ್ದೆ ಹಾಕಿಸಿಕೊಂಡು ಅದನ್ನೂ ಮಗಳ ತಟ್ಟೆಗೆ ದಾಟಿಸುತ್ತಾಳೆ. ಆದರೆ ಅಡುಗೆಮನೆಯಲ್ಲಿ ಅಕ್ಕಿ ಡಬ್ಬಿ ಎರಡಿದ್ದದ್ದು ನಾಲ್ಕಾಗಿದೆ. ಶೇಂಗಾ, ಅವಲಕ್ಕಿ, ಬೆಲ್ಲ ಎಲ್ಲ ಅಟ್ಟಕ್ಕೆ ಏರುತ್ತಿವೆ. ರಾತ್ರಿ ಎದ್ದು ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಾಳೆ. ಗಂಡ ಗ್ಯಾಸ್ಟ್ರಿಕ್ ಇರಬೇಕು ಅಂದ. ಅತ್ತೆ ದೃಷ್ಟಿ ಅಂದರು. ಯಾವಾಗಲೂ ಮೊಬೈಲ್ ಹಿಡಿದಿರುವುದನ್ನು ನೋಡಿ ಇಬ್ಬರ ಮನಸ್ಸಿನಲ್ಲೂ ಬೇರೆ ಅನುಮಾನಗಳೂ ಬಂದಿದ್ದವು, ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕಾರಣ ಪುಸ್ತಕ ಅಂತ ತಿಳಿದಾಗ ಅತ್ತೆಯ ಮಾತು ಇದು: "ಓದಿ ಓದಿ ಮರುಳಾದ ಕೂಚಂಭಟ್ಟನ ಗಾದೆ ಕೇಳಿದ್ದೆ ಕಣವ್ವ, ನಮ್ಮನೇಲೇ ನೋಡ್ತೀನಿ ಅನ್ಕೊಂಡಿರ್ಲಿಲ್ಲ."

ನಗು ಬರುತ್ತದೆ. ಆದರೆ ಉಪವಾಸ, ನಿದ್ದೆಗೇಡು ಇವೆರಡೂ ಸುಲಭವಾಗಿ ಕಣ್ಣಿಗೆ ಬೀಳುವಂಥವು. ನನಗೆ ಹೆಚ್ಚು ಮುಖ್ಯ ಅನಿಸಿದ್ದು ಇನ್ನೊಂದು. ಮೇಡಂ ಒರಟಾಗುತ್ತಿದ್ದರು. ಮಗಳು ಹಳದಿ ಕ್ರೇಯಾನ್ ಮುರಿಯಿತು ಅಂತ ಅತ್ತರೆ, "ಇದೂ ಒಂದು ಅಳೋ ವಿಷಯಾನಾ?" ಸಹೋದ್ಯೋಗಿಯೊಬ್ಬರು ವರ್ಗಾವಣೆ ಸಿಗಲಿಲ್ಲ, ದಿನಾ ಬಸ್ಸಿನಲ್ಲಿ ಸೊಂಟ ಹೋಗುತ್ತಿದೆ ಅಂತ ಹೇಳಿಕೊಂಡರೆ ಮುಖ ತಿರುಗಿಸಿಕೊಂಡು ಹೋಗುವುದು. ಬಿಸಿಯೂಟದ ಹೊತ್ತಿಗೆ ತಟ್ಟೆ ತೊಳೆಯುವ ನಲ್ಲಿಯ ಪಕ್ಕ ನಿಂತು, ಅನ್ನ ಚೆಲ್ಲುವ ಮಕ್ಕಳನ್ನು ಹೆಸರು ಹಿಡಿದು ಬೈಯುವುದು. ಒಬ್ಬ ಹುಡುಗ ಹೆದರಿ ಊಟಕ್ಕೇ ಬರುವುದನ್ನು ಬಿಟ್ಟ. ಹಸಿವಿನಿಂದ ಸತ್ತವರ ಬಗ್ಗೆ ಓದಿ ನೊಂದ ಶಿಕ್ಷಕಿಯ ಹೆದರಿಕೆಗೆ ಒಂದು ಮಗು ಹಸಿದು ಕೂತಿತು. ಇದಕ್ಕಿಂತ ಹೆಚ್ಚು ಹೇಳುವುದು ಬೇಡ.

ಅವರು ಆಮೇಲೆ ನನ್ನ ಹತ್ತಿರ ಹೇಳಿದ್ದು: "ಆಗ ನನಗೆ ಎಲ್ಲರ ಕಷ್ಟಾನೂ ಚಿಲ್ಲರೆ ಅನ್ನಿಸ್ತಿತ್ತು ಅಕ್ಕಾ. ಗ್ಯಾಸ್ ಚೇಂಬರ್ ಬಗ್ಗೆ ಓದಿ ಬಂದಿರ್ತೀನಿ, ಇಲ್ಲಿ ಇವರು ಡಿಎ ಬಾಕಿ ಬಗ್ಗೆ ಮಾತಾಡ್ತಿರ್ತಾರೆ."

ದೊಡ್ಡ ನೋವು ಓದಿದವರಿಗೆ ಸಣ್ಣ ನೋವು ಕಾಣದೆ ಹೋಗುವುದು. ಇದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಯಾತನೆಗೆ ಒಂದು ತಕ್ಕಡಿ ಇಟ್ಟು, ಆಶ್‌ವಿಟ್ಜ್‌ ಶಿಬಿರವನ್ನು ಒಂದು ಕಡೆ ಹಾಕಿದ ಮೇಲೆ, ಇನ್ನೊಂದು ಕಡೆ ಯಾರ ಏನನ್ನು ಹಾಕಿದರೂ ಅದು ಮೇಲೇ ಹೋಗುತ್ತದೆ. ಆ ತಕ್ಕಡಿಯನ್ನೇ ಇಡಬಾರದು ಅನ್ನುವುದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕು.

ಊರಿನ ಸಲಹೆಗಳು

ಸಲಹೆಗೇನು ಬರ. ಓದಬೇಡ, ಪುಸ್ತಕ ಒಳಗಿಡು ಅಂತ ಗಂಡ. ಕಾಮಿಡಿ ನೋಡಿ ಮೇಡಂ ಅಂತ ಸ್ಟಾಫ್ ರೂಮ್. ಒಬ್ಬರು ನಾಜಿ ಶಿಬಿರಗಳಿಂದ ಬದುಕಿ ಬಂದ ಮನೋವೈದ್ಯ ವಿಕ್ಟರ್ ಫ್ರಾಂಕಲ್ ಪುಸ್ತಕ ಕೊಟ್ಟರು, ಬದುಕಿನ ಅರ್ಥದ ಬಗ್ಗೆ ಇದೆ, ಧೈರ್ಯ ಬರುತ್ತದೆ ಅಂತ. ಮೇಡಂಗೆ ಅದು ಇನ್ನೂ ಸಿಟ್ಟು ತರಿಸಿತು. "ಇಷ್ಟೆಲ್ಲ ಆದ್ಮೇಲೆ ಅದರಲ್ಲಿ ಅರ್ಥ ಬೇರೆ ಹುಡುಕ್ಬೇಕಾ?" ಅಂದರು. ನನಗೂ ಹಾಗೇ ಅನಿಸುತ್ತದೆ. ಪುಸ್ತಕದ ತಪ್ಪಲ್ಲ ಅದು. ಫ್ರಾಂಕಲ್ ಆ ಶಿಬಿರಗಳಲ್ಲಿ ತಂದೆ, ತಾಯಿ, ಅಣ್ಣ, ಹೆಂಡತಿ ಎಲ್ಲರನ್ನೂ ಕಳೆದುಕೊಂಡು 1946ರಲ್ಲಿ ಅದನ್ನು ಪ್ರಕಟಿಸಿದವರು. ಅದನ್ನು ನಾವು ಟಾನಿಕ್ ಬಾಟಲಿಯ ಹಾಗೆ ಕೈಗೆ ಕೊಡುವುದಿದೆಯಲ್ಲ, ಅದು ಸರಿಯಲ್ಲ.

ಗಂಡನ ಸ್ನೇಹಿತನೊಬ್ಬ ಇನ್ನೂ ಬುದ್ಧಿವಂತ. ಜರ್ಮನಿಯವರಿಗೆ ಅಳುವ ಬದಲು ನಮ್ಮ ಊರಿನ ಬಡವರನ್ನು ನೋಡಬಾರದಾ ಅಂದ. ಸರ್ಕಾರಿ ಶಾಲೆಯ ಶಿಕ್ಷಕಿ ಬೆಳಗ್ಗೆ ಹಾಜರಿ ಕರೆಯುವಷ್ಟರಲ್ಲಿ ನೋಡುವ ಕಷ್ಟವನ್ನು ಈತ ವರ್ಷಕ್ಕೂ ನೋಡಿರುವುದಿಲ್ಲ. ಈ ಮಾತು ಹೇಳುವವರು ಹೆಚ್ಚಾಗಿ ಎರಡನ್ನೂ ಮಾಡದವರೇ, ಅದು ನನ್ನ ಅನುಭವ.

ಅತ್ತೆ ನಾಯಕನಹಟ್ಟಿ ತಿಪ್ಪೇಸ್ವಾಮಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಬಂದರು. ಆ ಎರಡು ರಾತ್ರಿ ಸೊಸೆ ಚೆನ್ನಾಗಿ ನಿದ್ದೆ ಮಾಡಿದಳು. ಅದನ್ನು ಇಲ್ಲಿ ಬರೆಯಲೇಬೇಕು, ಇಲ್ಲದಿದ್ದರೆ ಅತ್ತೆ ನನ್ನನ್ನು ಬಿಡುವುದಿಲ್ಲ. ಬಸ್ ಪ್ರಯಾಣ, ಬಿಸಿಲು, ಮೊಬೈಲ್ ಇಲ್ಲದ ರಾತ್ರಿ ಇವೆಲ್ಲ ಸೇರಿ ಆಗಿರಬಹುದು. ಆಗಲಿ, ನಿದ್ದೆ ಬಂತಲ್ಲ.

ಡಾಕ್ಟರ್ ಹೇಳಿದ್ದು

ದೀಪಾವಳಿ ಹೊತ್ತಿಗೆ ತೂಕ ಎದ್ದು ಕಾಣುವಷ್ಟು ಇಳಿದಿತ್ತು. ಗಂಡ ನನಗೆ ಫೋನ್ ಮಾಡಿದ. ಅಂಗಡಿಯಲ್ಲಿ ಗಿರಾಕಿಗಳ ನಡುವೆ ನಿಂತು, ದನಿ ತಗ್ಗಿಸಿ, "ಅಕ್ಕಾ, ನೀವು ಹೇಳಿದ್ರೆ ಕೇಳ್ತಾಳೆ" ಅಂದ. ಮನೋವೈದ್ಯರ ಹತ್ತಿರ ಹೋಗುವುದು ಅಂದರೆ ಇನ್ನೂ ನಮ್ಮ ಕಡೆ ಹಿಂಜರಿಕೆ. ವಿಚಿತ್ರ ಅಂದರೆ, ತಾಲ್ಲೂಕು ಮಟ್ಟಕ್ಕೆ ಮಾನಸಿಕ ಆರೋಗ್ಯ ಸೇವೆ ಒಯ್ಯುವ ಪ್ರಯೋಗವನ್ನು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮಾಡಿ ತೋರಿಸಿದ್ದು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲೇ. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ ಆಯ್ತು. ಈಗ 14416 ಅಂತ ಟೆಲಿ ಮನಸ್ ನಂಬರ್ ಕೂಡ ಇದೆ, ಯಾರು ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮೇಡಂ ಮೊದಲು ಮಾಡಿದ್ದು ಆ ಕರೆ. ಆಮೇಲೆ ಆಸ್ಪತ್ರೆ.

ಡಾಕ್ಟರ್ ರಕ್ತ ಪರೀಕ್ಷೆ, ಥೈರಾಯ್ಡ್ ಎಲ್ಲ ನೋಡಿದರು. ಏನೂ ಇರಲಿಲ್ಲ. ಮೇಡಂ ಇಂಟರ್ನೆಟ್ಟಿನಲ್ಲಿ ನೋಡಿಕೊಂಡು ತನಗೆ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿಯುವ ಮಾನಸಿಕ ಕಾಯಿಲೆ, ಇದೆ ಅಂತ ತೀರ್ಮಾನ ಮಾಡಿಕೊಂಡೇ ಹೋಗಿದ್ದರು. ಡಾಕ್ಟರ್ ಅದಲ್ಲ ಅಂದರು. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ವೈದ್ಯರು ಬಳಸುವ 2013ರ ಡಿಎಸ್ಎಂ-5 ಕೈಪಿಡಿಯ ಪ್ರಕಾರ ಟಿವಿ, ಸಿನಿಮಾ, ಚಿತ್ರಗಳಲ್ಲಿ ಕಂಡ ಆಘಾತ ಆ ಲೆಕ್ಕಕ್ಕೆ ಬರುವುದಿಲ್ಲ, ಅದು ನೋಡುವವರ ಕೆಲಸದ ಭಾಗವಾಗಿದ್ದರೆ ಮಾತ್ರ ಬೇರೆ, ಓದಿದ್ದೂ ಹಾಗೇ ಅಂತ ವಿವರಿಸಿದರು. "ನಾನು ಪಾಠಕ್ಕೇ ಅಲ್ವಾ ಸಾರ್ ಓದಿದ್ದು?" ಅಂತ ಮೇಡಂ ಕೇಳಿದರಂತೆ. ಡಾಕ್ಟರ್ ನಕ್ಕುಬಿಟ್ಟರಂತೆ. ಸಮಾಜ ವಿಜ್ಞಾನದವರನ್ನು ವಾದದಲ್ಲಿ ಗೆಲ್ಲುವುದು ಕಷ್ಟ. ಹೆಸರೇನಾದರೂ ಇರಲಿ, ಮೊದಲು ನಿದ್ದೆ ಸರಿಮಾಡಿಕೊಳ್ಳಿ, ಮಲಗುವ ಕೋಣೆಗೆ ಮೊಬೈಲ್ ಬೇಡ, ಎರಡು ವಾರ ಬಿಟ್ಟು ಬನ್ನಿ ಅಂದರು. ಮಾತ್ರೆ ಕೊಡಲಿಲ್ಲ. ಓದು ಬಿಡಿ ಅಂತಲೂ ಹೇಳಲಿಲ್ಲ. ಆ ಎರಡನೆಯದಕ್ಕೆ ನನಗೆ ಅವರ ಮೇಲೆ ಗೌರವ ಬಂತು.

ಎರಡನೇ ಸಲ ಹೋದಾಗ ಡಾಕ್ಟರ್ ಒಂದು ಪ್ರಶ್ನೆ ಕೇಳಿದರು. ಇಷ್ಟು ಪುಸ್ತಕ ಓದಿದಿರಿ, ಯುದ್ಧದ ಪುಸ್ತಕ ಓದಿ ಬಾಗಿಲಿಗೆ ಎರಡು ಬೀಗ ಹಾಕಲಿಲ್ಲ, ಬರದ್ದು ಓದಿ ಅಕ್ಕಿ ಕೂಡಿಟ್ಟಿರಿ, ಯಾಕೆ? ಮೇಡಂ ಅಲ್ಲಿ ಉತ್ತರ ಕೊಡಲಿಲ್ಲ. ವಾಪಸ್ ಬರುವಾಗ ಆಟೋದಲ್ಲಿ ನನಗೆ ಹೇಳಿದರು. ಐದನೇ ಕ್ಲಾಸಿನಿಂದ ಹಾಸ್ಟೆಲ್‌ನಲ್ಲಿ ಬೆಳೆದವರು ಅವರು. ಊಟದ ಸಾಲಿನಲ್ಲಿ ದೊಡ್ಡ ಹುಡುಗಿಯರು ಮುಂದೆ, ಸಣ್ಣವರು ಹಿಂದೆ. ಹಿಂದಿನವರಿಗೆ ಸಾರು ತಳದ್ದು, ಅನ್ನ ಇದ್ದರೆ ಇತ್ತು ಇಲ್ಲದಿದ್ದರೆ ಇಲ್ಲ. ಊರಿನಿಂದ ತಂದ ಮಂಡಕ್ಕಿಯನ್ನು ಟ್ರಂಕಿನಲ್ಲಿ ಬಟ್ಟೆ ಕೆಳಗೆ ಬಚ್ಚಿಟ್ಟು, ರಾತ್ರಿ ಸದ್ದಾಗದ ಹಾಗೆ ಬಾಯಲ್ಲಿಟ್ಟು ನೆನೆಸಿ ತಿನ್ನುತ್ತಿದ್ದರಂತೆ. ಇದನ್ನು ಗಂಡನಿಗೂ ಹೇಳಿರಲಿಲ್ಲ. ಹೇಳುವಂಥದ್ದು ಅಂತ ಅನಿಸಿರಲೇ ಇಲ್ಲ.

ಹಾಗಂತ ಎಲ್ಲದಕ್ಕೂ ಬಾಲ್ಯವೇ ಕಾರಣ ಅಂತ ನಾನು ಹೇಳುವುದಿಲ್ಲ. ಬಳಗದಲ್ಲಿ ಇನ್ನೊಬ್ಬರು ಅದೇ ಬರದ ಪುಸ್ತಕ ಓದಿ, ಅವರಿಗೆ ಏನೂ ಆಗಲಿಲ್ಲ. ಅವರಿಗೆ ತಾಗಿದ್ದು ವಿಭಜನೆಯ ಕತೆಯೊಂದರಲ್ಲಿ ಮನೆ ಬಿಟ್ಟು ಹೋಗುವ ಮುದುಕಿ. ಯಾರಿಗೆ ಯಾವ ಪುಟ ಎಲ್ಲಿ ಚುಚ್ಚುತ್ತದೆ ಅಂತ ಮೊದಲೇ ಹೇಳಲು ಆಗುವುದಿಲ್ಲ.

ಓದುವ ರೀತಿ

ಇಲ್ಲಿಂದ ಬಳಗದ ಕೆಲಸ. ಓದು ಬಿಡಿಸುವುದು ಬೇಡ, ಓದುವ ರೀತಿ ಬದಲಿಸೋಣ ಅಂತ ನಮ್ಮಲ್ಲಿ ಕೆಲವರ ವಾದ. ಅದಕ್ಕೆ ಒಂದು ಆಧಾರವೂ ಇತ್ತು. ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ಬ್ಯಾಟ್ಸನ್ ಮತ್ತು ಜೊತೆಗಾರರು 1997ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ದಾರೆ. ಅಪ್ಪ ಅಮ್ಮನನ್ನು ಕಳೆದುಕೊಂಡ ಹುಡುಗಿಯೊಬ್ಬಳ ರೇಡಿಯೋ ಸಂದರ್ಶನವನ್ನು ಜನರಿಗೆ ಕೇಳಿಸಿದರು. ಕೆಲವರಿಗೆ, ಆಕೆಗೆ ಹೇಗನಿಸುತ್ತಿರಬಹುದು ಅಂತ ಯೋಚಿಸಿ ಅಂದರು. ಕೆಲವರಿಗೆ, ಆ ಜಾಗದಲ್ಲಿ ನೀವೇ ಇದ್ದಿದ್ದರೆ ಹೇಗನಿಸುತ್ತಿತ್ತು ಅಂತ ಯೋಚಿಸಿ ಅಂದರು. ಮರುಕ ಎರಡೂ ಗುಂಪಿಗೆ ಬಂತು. ಆದರೆ ತಾವೇ ಅಂದುಕೊಂಡವರಿಗೆ ಅದರ ಜೊತೆಗೆ ಸ್ವಂತ ಸಂಕಟವೂ ಹೆಚ್ಚಾಯ್ತು. ಟಾನಿಯಾ ಸಿಂಗರ್ ಮತ್ತು ಓಲ್ಗಾ ಕ್ಲಿಮೆಕಿ ಎಂಬ ಸಂಶೋಧಕಿಯರು ಮಾಡಿದ ಕೆಲಸದಲ್ಲೂ ಹತ್ತಿರದ್ದೇ ಒಂದು ಮಾತಿದೆ. ಇನ್ನೊಬ್ಬರ ನೋವನ್ನು ಹಾಗೇ ತನ್ನೊಳಗೆ ಅನುಭವಿಸುವುದನ್ನು ಕಲಿಸಿದಾಗ ಜನ ಕುಗ್ಗಿದರು, ಅವರ ಒಳಿತನ್ನು ಬಯಸುವುದನ್ನು ಕಲಿಸಿದಾಗ ಚೇತರಿಸಿಕೊಂಡರು.

ಮೇಡಂ ಇಷ್ಟು ದಿನ ಓದಿದ್ದು "ನಾನೇ ಆಗಿದ್ದರೆ" ಅಂತ. ಅಷ್ಟೇ ಅಲ್ಲ, "ನನ್ನ ಮಗಳೇ ಆಗಿದ್ದರೆ" ಅಂತ, ಅದೂ ಮಗಳ ಪಕ್ಕದಲ್ಲೇ ಮಲಗಿ. ನೊಂದವರು ಮರೆಯಾಗಿ ಹೋಗಿ, ಪುಸ್ತಕದ ತುಂಬ ಇವರೇ ಉಳಿದಿದ್ದರು.

ಹಿಂದೆ ನಮ್ಮ ಕಡೆ ಜನ ಅಳುತ್ತಿರಲಿಲ್ಲವಾ? ಖಂಡಿತ ಅಳುತ್ತಿದ್ದರು. ದಾವಣಗೆರೆಯ ಚಿಂದೋಡಿ ಮನೆತನದ ಕೆಬಿಆರ್ ಕಂಪನಿಯ ನಾಟಕ, ಊರೂರಿನ ಬಯಲಾಟ, ಹರಿಶ್ಚಂದ್ರನ ಮಗ ಸತ್ತಾಗ ಇಡೀ ಊರು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿತ್ತು. ಆದರೆ ಅಲ್ಲಿ ಪಕ್ಕದಲ್ಲಿ ಇನ್ನೊಬ್ಬರು ಅಳುತ್ತಿದ್ದರು, ನಡುವೆ ಹಾಸ್ಯಗಾರ ಬರುತ್ತಿದ್ದ, ಕೊನೆಗೆ ಮಂಗಳ ಹಾಡಿ ತೆರೆ ಎಳೆಯುತ್ತಿದ್ದರು. ಅದು ಕತೆ ಅಂತಲೂ ಗೊತ್ತಿತ್ತು. ಕರುಣ ರಸ ಅಂತ ಹಳಬರು ಹೇಳಿದ್ದು ಇಂಥದ್ದಕ್ಕೆ, ಅತ್ತೂ ಮನಸ್ಸು ಹಗುರಾಗುವುದಕ್ಕೆ. ನಿಜವಾಗಿ ನಡೆದದ್ದನ್ನು, ಅನುಭವಿಸಿದವರೇ ಹೇಳಿದ್ದನ್ನು ಓದಿದಾಗ ಹಾಗೆ ಹಗುರಾಗುವುದಿಲ್ಲ. ಆಗಬಾರದು ಕೂಡ. ಆದರೆ ಮಂಗಳ ಇಲ್ಲದ ಓದಿಗೆ ಓದುವವರೇ ಒಂದು ಅಂಕೆ ಹಾಕಿಕೊಳ್ಳಬೇಕು. ರಾತ್ರಿ ಓದಬೇಡಿ, ಕಾಗದದ ಪುಸ್ತಕ ಓದಿ, ಒಂದಾದ ಮೇಲೆ ಬೇರೆ ಏನಾದರೂ ಓದಿ, ಓದಿದ್ದನ್ನು ಯಾರಿಗಾದರೂ ಹೇಳಿ. ಇವೆಲ್ಲ ಸಾಮಾನ್ಯ ಮಾತುಗಳೇ, ಬೇಗ ಆಯ್ತು. ನಿಜವಾದ ಬದಲಾವಣೆ ಬಂದದ್ದು ಬೇರೆ ಕಡೆಯಿಂದ.

ಆನ್ ಫ್ರಾಂಕ್ ಡೈರಿಯನ್ನು ಬಳಗದಲ್ಲಿ ಮತ್ತೆ ಓದಿದೆವು, ಗಟ್ಟಿಯಾಗಿ, ಒಬ್ಬರಾದ ಮೇಲೆ ಒಬ್ಬರು. ಮೇಡಂಗೆ ಆಶ್ಚರ್ಯ ಆಯ್ತು. ಅವರ ನೆನಪಿನಲ್ಲಿ ಆ ಪುಸ್ತಕ ಸಾವಿನ ಪುಸ್ತಕ. ಆದರೆ ಸಾವು ಅದರಲ್ಲಿ ಇಲ್ಲವೇ ಇಲ್ಲ. ಕೊನೆಯ ಬರಹ 1944ರ ಆಗಸ್ಟ್ 1ರದ್ದು. ಅಡಗಿದ್ದವರನ್ನು ಹಿಡಿದದ್ದು ಆಗಸ್ಟ್ 4ಕ್ಕೆ. ಬೆರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ಆ ಹುಡುಗಿ ಸತ್ತದ್ದು 1945ರ ಆರಂಭದಲ್ಲಿ. ಅದು ನಮಗೆ ಗೊತ್ತು, ಬರೆಯುವಾಗ ಅವಳಿಗೆ ಗೊತ್ತಿರಲಿಲ್ಲ. ಡೈರಿ ತುಂಬ ಇರುವುದು ಅಮ್ಮನ ಜೊತೆ ಜಗಳ, ಕೆಟ್ಟುಹೋದ ಆಲೂಗಡ್ಡೆ, ಜೊತೆಗೆ ಅಡಗಿದ್ದವರ ವಿಚಿತ್ರ ಬುದ್ಧಿಗಳು, ಒಬ್ಬ ಹುಡುಗನ ಮೇಲಿನ ಆಸೆ. ಆ ಮನೆಯಲ್ಲಿದ್ದದ್ದು ಎಂಟು ಜನ, ಎರಡು ವರ್ಷಕ್ಕಿಂತ ಹೆಚ್ಚು ಕಾಲ. ಇನ್ನೊಂದು ವಿಷಯ: ಯುದ್ಧಕಾಲದ ಡೈರಿಗಳನ್ನು ಮುಂದೆ ಸಂಗ್ರಹಿಸುತ್ತೇವೆ ಅಂತ 1944ರಲ್ಲಿ ರೇಡಿಯೋದಲ್ಲಿ ಕೇಳಿದ ಮೇಲೆ ಆಕೆ ತನ್ನ ಡೈರಿಯನ್ನು ಕೂತು ತಿದ್ದಿ ಬರೆಯಲು ಶುರುಮಾಡಿದಳು. ಪುಸ್ತಕ ಮಾಡಬೇಕು ಅಂತ. ಲೇಖಕಿ ಆಗಬೇಕು ಅಂತ.

ಇದನ್ನು ಓದಿದಾಗ ಮೇಡಂ ಸುಮ್ನೆ ಕೂತಿದ್ದರು. ಆಮೇಲೆ, "ಇವಳು ಜಗಳಗಂಟಿ ಅಕ್ಕಾ, ನಮ್ಮ ಒಂಬತ್ತನೇ ಕ್ಲಾಸಿನ ಹುಡುಗಿಯರ ಥರ" ಅಂದರು. ನಕ್ಕರು. ಆನ್ ಫ್ರಾಂಕ್ ಬಗ್ಗೆ ನಗಬಹುದು ಅಂತಲೇ ಅವರಿಗೆ ಅಲ್ಲಿಯವರೆಗೆ ಅನಿಸಿರಲಿಲ್ಲ. ಮೊದಲ ಓದಿನಲ್ಲಿ ಅವರು ಆ ಹುಡುಗಿಯನ್ನು ಹೆಣವಾಗಿ ಮಾತ್ರ ನೋಡಿದ್ದರು, ಈ ಜಗಳ, ತಮಾಷೆ, ಹಟ ಎಲ್ಲವನ್ನೂ ಹಾರಿಸಿ ಓದಿದ್ದರು. ನೋವಿಗಾಗಿ ಮಾತ್ರ ಓದಿದರೆ ಪುಸ್ತಕದ ಅರ್ಧ ಕೈತಪ್ಪುತ್ತದೆ. ಬದುಕಿ ಬಂದವರು, ಬರೆದಿಟ್ಟು ಹೋದವರು ನಮ್ಮನ್ನು ಅಳಿಸಲು ಮಾತ್ರ ಬರೆದವರಲ್ಲ. ಹೇಗೆ ನಡೆಯಿತು, ಯಾರು ಮಾಡಿದರು, ಅದರ ನಡುವೆ ನಾವು ಹೇಗಿದ್ದೆವು ಅಂತ ಹೇಳಲು ಬರೆದವರು.

450 ಗ್ರಾಂ

ಬರದ ವಿಷಯದಲ್ಲೂ ಇದೇ ದಾರಿ ಹಿಡಿದೆವು. ಫೋಟೋ ಬದಿಗಿಟ್ಟು ಲೆಕ್ಕ ನೋಡೋಣ ಅಂತ. ಮಳೆ ಹೋಯ್ತು, ಜನ ಸತ್ತರು ಅಂತ ನಾವು ಅಂದುಕೊಳ್ಳುತ್ತೇವೆ. ಅಷ್ಟೇ ಅಲ್ಲ. ಆಗ ಮೈಸೂರು ಬ್ರಿಟಿಷ್ ಕಮಿಷನರ್‌ಗಳ ಆಡಳಿತದಲ್ಲಿತ್ತು, ಒಡೆಯರಿಗೆ ರಾಜ್ಯ ವಾಪಸ್ ಬಂದದ್ದು 1881ರಲ್ಲಿ. ಪಕ್ಕದ ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಜನ ಸಾಯುತ್ತಿದ್ದಾಗಲೇ ವೈಸರಾಯ್ ಲಿಟ್ಟನ್ ಕಾಲದಲ್ಲಿ ಭಾರತದಿಂದ ಇಂಗ್ಲೆಂಡಿಗೆ ಸುಮಾರು 3,20,000 ಟನ್ ಗೋಧಿ ಹೋಯ್ತು. ಖರ್ಚು ಜಾಸ್ತಿ ಆಗುತ್ತಿದೆ ಅಂತ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ 1877ರಲ್ಲಿ ಮದ್ರಾಸ್ ಪ್ರಾಂತ್ಯದ ಪರಿಹಾರ ಕಾಮಗಾರಿಗಳಲ್ಲಿ ಕೂಲಿಯನ್ನು ಇಳಿಸಿದ. ಗಂಡಸಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಒಂದು ಆಣೆ. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಡಿಮೆ. ಮದ್ರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಶ್ ಇದು ಸಾಲದು, ಕನಿಷ್ಠ ಒಂದೂವರೆ ಪೌಂಡ್ ಬೇಕು, ಬೇಳೆ ತರಕಾರಿಯೂ ಬೇಕು ಅಂತ ಜಗಳ ಮಾಡಿದರು.

ಇದನ್ನು ಓದಿದ ಮೇಲೆ ಮೇಡಂಗೆ ಸಿಟ್ಟು ಬಂತು. ಈ ಸಲದ ಸಿಟ್ಟು ಕ್ರೇಯಾನ್ ಮುರಿದ ಮಗಳ ಮೇಲಲ್ಲ. ಅದಕ್ಕೆ ಒಂದು ವಿಳಾಸ ಇತ್ತು. ಈ ವ್ಯತ್ಯಾಸ ನನಗೆ ಇಡೀ ಪ್ರಕರಣದಲ್ಲಿ ಮುಖ್ಯ ಅನಿಸಿದ್ದು. ಬರೀ ಮುಖಗಳನ್ನು ನೋಡಿದಾಗ ಹುಟ್ಟಿದ ಸಂಕಟಕ್ಕೆ ಹೋಗಲು ಜಾಗ ಇರಲಿಲ್ಲ, ಮನೆಯವರ ಮೇಲೆ ಬಿತ್ತು. ಯಾರ ನಿರ್ಧಾರ, ಯಾವ ಆದೇಶ, ಎಷ್ಟು ತೂಕ ಅಂತ ಗೊತ್ತಾದಾಗ ಅದು ಪ್ರಶ್ನೆಯಾಯ್ತು.

ಶಾಲೆಗೆ ಒಂದು ತಕ್ಕಡಿ ತಗೊಂಡು ಹೋದರು. ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ. ಅಷ್ಟು ರಾಗಿ ಹಿಟ್ಟು ತೂಗಿ ಮೇಜಿನ ಮೇಲೆ ಇಟ್ಟು, ದಿನಕ್ಕೆ ಇಷ್ಟೇ ಅಂದರು. ಮಕ್ಕಳು ಗಾಬರಿ ಆಗುತ್ತಾರೆ ಅಂತ ಮೇಡಂ ಅಂದುಕೊಂಡಿದ್ದರು. ಮುಂದಿನ ಬೆಂಚಿನ ಹುಡುಗಿ, "ಸಾಕಲ್ವಾ ಮಿಸ್? ನಾಲ್ಕು ಮುದ್ದೆ ಆಗುತ್ತೆ" ಅಂದಳು. ಕ್ಲಾಸ್ ನಕ್ಕಿತು. ಹಿಂದಿನ ತಿಂಗಳ ಮೇಡಂ ಆಗಿದ್ದರೆ ಆ ಹುಡುಗಿಗೆ ಏನಾಗುತ್ತಿತ್ತೋ. ಈಗ ಅವರು, ಸರಿ, ಲೆಕ್ಕ ಹಾಕೋಣ ಅಂದರು. ಕ್ಯಾಲೊರಿ ಲೆಕ್ಕ ಹಾಕಿದರೆ ಸುಮಾರು 1,500. ಎಣ್ಣೆ ಇಲ್ಲ, ಬೇಳೆ ಇಲ್ಲ, ಸೊಪ್ಪಿಲ್ಲ, ಎಲ್ಲ ಆ ಒಂದು ಆಣೆಯಲ್ಲಿ, ಬೆಲೆ ಗಗನಕ್ಕೇರಿದ ಸಂತೆಯಲ್ಲಿ ಕೊಳ್ಳಬೇಕು. ಇದನ್ನು ತಿಂದು ಬಿಸಿಲಿನಲ್ಲಿ ಕಲ್ಲು ಒಡೆಯಬೇಕು, ಮಣ್ಣು ಹೊರಬೇಕು. ಮೊದಲೇ ತಿಂಗಳುಗಟ್ಟಲೆ ಹಸಿದ ಮೈ. ಆಗ ಕಲ್ಲು ಕ್ವಾರಿ ಕೆಲಸದವನ ಮಗನೊಬ್ಬ ಎದ್ದು, "ನಮ್ಮಪ್ಪ ಒಪ್ಪತ್ತಿಗೇ ಮೂರು ಮುದ್ದೆ ತಿಂತಾರೆ ಮಿಸ್, ತಿಂದ್ರೂ ಸಾಯಂಕಾಲ ಸುಸ್ತು ಅಂತಾರೆ" ಅಂದ. ಆಮೇಲೆ ಯಾರೂ ನಗಲಿಲ್ಲ. ಈಗಿನ ಬಿಸಿಯೂಟದ ನಿಯಮದಲ್ಲಿ ಹಿರಿಯ ಪ್ರಾಥಮಿಕದ ಒಂದು ಮಗುವಿಗೆ ಒಂದು ಹೊತ್ತಿಗೆ 150 ಗ್ರಾಂ ಧಾನ್ಯ, ಅದರ ಜೊತೆ ಬೇಳೆ, ತರಕಾರಿ, ಎಣ್ಣೆ ಇದೆ ಅಂತ ಹೋಲಿಸಿ ನೋಡಿದರು. ಊಟ ಬಿಟ್ಟಿದ್ದ ಹುಡುಗನನ್ನು ಅದಕ್ಕೂ ಮೊದಲೇ ಕರೆದು ಮಾತಾಡಿ, ಊಟಕ್ಕೆ ತಮ್ಮ ಪಕ್ಕದಲ್ಲಿ ಕೂರಿಸಿಕೊಂಡಿದ್ದರು.

ಎಲ್ಲ ಸರಿ ಹೋಯ್ತು ಅಂತ ಬರೆದರೆ ಸುಳ್ಳಾಗುತ್ತದೆ. ನಿದ್ದೆ ಬರುತ್ತಿದೆ, ತೂಕ ಏರಿದೆ, ಬಳಗಕ್ಕೆ ಬರುತ್ತಾರೆ. ಮಗಳಿಗೆ ಹೊಸ ಕ್ರೇಯಾನ್ ಡಬ್ಬಿ ಬಂದಿದೆ. ಅಕ್ಕಿ ಡಬ್ಬಿ ನಾಲ್ಕರಿಂದ ಮೂರಕ್ಕೆ ಇಳಿದು ಅಲ್ಲೇ ನಿಂತಿದೆ. ಮೂರನೆಯದು ಇರಲಿ ಬಿಡು ಅಂತ ಗಂಡನೇ ಹೇಳಿದ, ಹಾಸ್ಟೆಲ್ ಟ್ರಂಕಿನ ವಿಷಯ ಕೇಳಿದ ಮೇಲೆ. ಚೆರ್ನೋಬಿಲ್ ಪುಸ್ತಕ ಅರ್ಧಕ್ಕೇ ನಿಂತಿದೆ. ಅದನ್ನು ಮುಗಿಸಲೇಬೇಕು ಅಂತ ನಮ್ಮಲ್ಲಿ ಯಾರೂ ಒತ್ತಾಯ ಮಾಡಿಲ್ಲ, ಪುಸ್ತಕ ಎಲ್ಲಿಗೂ ಓಡಿಹೋಗುವುದಿಲ್ಲ.

ಜಗಳ ಉಳಿದಿರುವುದು ಹೂಪರ್ ಫೋಟೋಗಳ ಬಗ್ಗೆ. ಮುಂದಿನ ವರ್ಷ ಈ ಪಾಠ ಮತ್ತೆ ಮಾಡುವಾಗ ಒಂದು ಫೋಟೋನಾದರೂ ಮಕ್ಕಳಿಗೆ ತೋರಿಸಬೇಕು, ಇಲ್ಲದಿದ್ದರೆ ಅದು ಬರೀ ಗಣಿತ ಆಗುತ್ತದೆ ಅಂತ ಬಳಗದ ಇಬ್ಬರ ಹಟ. ನಾನು ಆ ಇಬ್ಬರಲ್ಲಿ ಒಬ್ಬಳು. ಕೂರಿಸಿ ಫೋಟೋ ತೆಗೆಯುವಾಗ ಅವರನ್ನು ಯಾರೂ ಒಪ್ಪಿಗೆ ಕೇಳಿರಲಾರರು, ಈಗ ಹದಿನೈದು ವರ್ಷದ ಮಕ್ಕಳ ಮುಂದೆ ಮತ್ತೆ ಕೂರಿಸುವುದು ಬೇಡ ಅಂತ ಮೇಡಂ. ತಕ್ಕಡಿ ಸಾಕು ಅನ್ನುತ್ತಾರೆ. ಹೋದ ಭಾನುವಾರ ಇದರ ಮೇಲೆ ಮಂಡಕ್ಕಿ ಮೆತ್ತಗಾಗುವವರೆಗೆ ವಾದ ಆಯ್ತು, ಇತ್ಯರ್ಥ ಆಗಿಲ್ಲ. ಪಾಠ ಮಾಡುವವರು ಅವರು, ಅವರ ಮಾತೇ ನಡೆಯುತ್ತದೆ ಅಂತ ಕಾಣುತ್ತದೆ.